ಉಸ್ತಾದರಿಲ್ಲದ ಮಾಲೀಸು

— ಅದನ್ನ ಕತ್ತಿಗೆ ಇಡಬೇಡಿ ಮಾವ.

— ಇನ್ನೂ ಚಾಲೂನೇ ಮಾಡಿಲ್ಲ ಕಣೇ. ಚಪ್ಪಲಿ ಬಿಡೋಕೆ ಮುಂಚೆ ಶುರು ಹಚ್ಕೊಂಡೆ. ಮಗರಾಯ ಕಳಿಸಿದ್ದಾನೆ, ಮಸಾಜ್ ಗನ್ನಂತೆ. ಡಬ್ಬಿ ಮೇಲೆ ನೋಡು, ಆ ಹುಡುಗಿ ನಗ್ತಾ ನಗ್ತಾ ಕತ್ತಿಗೇ ಹಿಡ್ಕೊಂಡಿದ್ದಾಳೆ.

— ಫೋಟೋ ತೆಗೆಯೋವಾಗ ಮೆಷಿನ್ ಆಫ್ ಆಗಿರುತ್ತೆ, ಅವಳಿಗೇನು. ದವಡೆ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತಲ್ಲ, ಅದು ಮಿದುಳಿಗೆ ಹೋಗೋ ದೊಡ್ಡ ರಕ್ತನಾಳ. ಅದರ ಗೋಡೆಯಲ್ಲೇ ರಕ್ತದೊತ್ತಡ ಗಮನಿಸೋ ಒಂದು ಜಾಗ ಇದೆ. ಅಲ್ಲಿ ಒತ್ತಿದ್ರೆ ಎದೆಬಡಿತ ನಿಧಾನ ಆಗಿ ಕಣ್ಣು ಕತ್ತಲೆ ಬರಬಹುದು. ಹಿಂದುಗಡೆ ಹೋದ್ರೆ ಇನ್ನೆರಡು ನಾಳ, ಅವು ಕತ್ತಿನ ಮೂಳೆಗಳಲ್ಲಿರೋ ತೂತುಗಳ ಒಳಗಿಂದಲೇ ಮೇಲಕ್ಕೆ ಹತ್ತುತ್ತವೆ. 2022ರಲ್ಲಿ ಒಂದು ವೈದ್ಯ ಪತ್ರಿಕೆಯಲ್ಲಿ ವರದಿ ಬಂದಿತ್ತು. 27 ವರ್ಷದವಳೊಬ್ಬಳು ಮೂರು ವಾರ ಮತ್ತೆ ಮತ್ತೆ ಇಂಥದ್ದೇ ಮೆಷಿನ್ ಬಳಸಿ, ತಲೆನೋವು, ಕತ್ತುನೋವು, ತಲೆಸುತ್ತು ಅಂತ ಆಸ್ಪತ್ರೆಗೆ ಬಂದಳು. ನೋಡಿದ್ರೆ ಹಿಂದಿನ ಆ ನಾಳದ ಒಳಪದರ ಹರಿದಿತ್ತು. ಅಪರೂಪದ ಸಂಗತಿ, ಒಪ್ತೀನಿ. ಆದ್ರೆ ಕತ್ತಿಗೆ ಇಟ್ಟು ಸಿಗೋ ಸುಖ ಎಷ್ಟಂತ ಇಷ್ಟು ಅಪಾಯ ಮೈಮೇಲೆ ಎಳ್ಕೋಬೇಕು?

— ಗರಡಿಯಲ್ಲಿ ಉಸ್ತಾದರು ನಮ್ಮ ಕತ್ತು ಹಿಡಿದು ತಿಕ್ಕಿದ್ದೇನು ಕಮ್ಮೀನಾ? ಸಾಮು ಮುಗಿಸಿ ಮಟ್ಟಿಯಿಂದ ಎದ್ದು ಬಂದ್ರೆ ಎಣ್ಣೆ ಸುರಿದು, ಮೊಣಕೈ ಊರಿ ಮಾಲೀಸು. ಯಾವ ನಾಳಕ್ಕೂ ಏನೂ ಆಗ್ಲಿಲ್ಲ.

— ಅವರು ತಿಕ್ಕುವಾಗ ನೋವಾದ್ರೆ ಏನು ಮಾಡ್ತಿದ್ರು?

— ನಾವು ಬಾಯಿ ಬಿಡೋಕೆ ಮುಂಚೇನೇ ಗೊತ್ತಾಗ್ತಿತ್ತು ಅವರಿಗೆ. ಹೆಬ್ಬೆರಳ ಕೆಳಗೆ ಮಾಂಸ ಬಿಗಿಯಾದ ಕೂಡಲೇ ಕೈ ಹಗುರ. ನನ್ನ ಜೊತೆಯವನೊಬ್ಬನ ಮೀನಖಂಡ ಮುಟ್ಟಿದ್ದೇ ತಡ, ಕೈ ತೆಗೆದುಬಿಟ್ರು. 'ಇದು ಬಿಸಿ ಇದೆ, ನಾನು ಮುಟ್ಟಲ್ಲ, ಆಸ್ಪತ್ರೆಗೆ ಹೋಗು' ಅಂದ್ರು. ಅವನು ಬೈಕೊಂಡೇ ಹೋದ.

— ನಾನು ಹೇಳಬೇಕಾಗಿದ್ದನ್ನ ಮುಕ್ಕಾಲು ಭಾಗ ನೀವೇ ಹೇಳಿದ್ರಿ. ಉಸ್ತಾದರ ಕೈ ತಿಕ್ಕುತ್ತಾನೂ ಇತ್ತು, ನಿಮ್ಮ ಮೈಯನ್ನ ಓದ್ತಾನೂ ಇತ್ತು. ಈ ಮೆಷಿನ್‌ಗೆ ಬಿಸಿ ತಿಳಿಯಲ್ಲ, ಊತ ತಿಳಿಯಲ್ಲ, ಮೂಳೆ ಬಂತೋ ಮಾಂಸ ಬಂತೋ ತಿಳಿಯಲ್ಲ. ಓದೋ ಕೆಲಸ ಪೂರ್ತಿ ಹಿಡ್ಕೊಂಡವರ ಮೇಲೇ ಬೀಳುತ್ತೆ. ಮನೇಲಿ ಅದನ್ನ ಕಲಿಯದೇ ಸ್ವಿಚ್ ಒತ್ತೋದು ಹೇಗೆ ಅಂತ ಮಾತ್ರ ಕಲೀತಾರೆ.

— ಅಷ್ಟೊಂದು ಹೆದರಿಸ್ಬೇಡ. ಇದು ಹೊಡೆಯೋದಾದ್ರೂ ಎಷ್ಟು?

— ಒಳಗೊಂದು ಪುಟ್ಟ ಮೋಟಾರು. ಅದರ ಗಾಲಿಗೆ ನಟ್ಟನಡುವೆ ಅಲ್ಲ, ಸ್ವಲ್ಪ ಅಂಚಿಗೆ ಒಂದು ಕಡ್ಡಿ ಸಿಕ್ಕಿಸಿರ್ತಾರೆ. ಗಾಲಿ ಸುತ್ತಿದ ಹಾಗೆ ಕಡ್ಡಿ ಮುಂದಕ್ಕೆ ಹಿಂದಕ್ಕೆ ಹೋಗಿ ಬರುತ್ತೆ. ನಿಮಿಷಕ್ಕೆ 2400 ಅಂತ ಬರೆದಿದ್ರೆ ಸೆಕೆಂಡಿಗೆ 40 ಏಟು ಅಂತ ಅರ್ಥ. ಅಂಗಡಿಯವರು ಈ ವೇಗವನ್ನೇ ದೊಡ್ಡದಾಗಿ ಹೇಳ್ತಾರೆ. ಕೇಳಬೇಕಾಗಿರೋದು ಕಡ್ಡಿ ತುದಿಯಲ್ಲಿರೋ ತಲೆ ಎಷ್ಟು ದೂರ ಹೋಗಿ ಬರುತ್ತೆ ಅನ್ನೋದನ್ನ. ಸಾಧಾರಣ ಮೆಷಿನ್‌ಗಳಲ್ಲಿ 8ರಿಂದ 12 ಮಿಲಿಮೀಟರ್, ದುಬಾರಿಯವುಗಳಲ್ಲಿ 16 ಕೂಡ ಇದೆ. ದೂರ ಕಮ್ಮಿ ಇದ್ರೆ ಚರ್ಮ ಝುಂ ಅಂತ ನಡುಗುತ್ತೆ, ಅಷ್ಟೇ. ದೂರ ಹೆಚ್ಚಾದಷ್ಟೂ ಒಳಗಿನ ಮಾಂಸಕ್ಕೆ ತಾಗುತ್ತೆ. ತಪ್ಪು ಜಾಗಕ್ಕೆ ಬಿದ್ರೆ ಪೆಟ್ಟೂ ಅಷ್ಟೇ ಜೋರು. ನಿಮ್ಮದರಲ್ಲಿ 10 ಅಂತಿದೆ. ನಿಮಗೆ ಧಾರಾಳ ಆಯ್ತು.

— ನಿನ್ನೆ ಪಕ್ಕದ ಮನೆಯವರು ಬಂದು ತೊಡೆ ಮೇಲೆ ಇಟ್ಕೊಂಡು ಒತ್ತಿದ್ರು. ಗುರ್ ಅಂದು ನಿಂತೇ ಹೋಯ್ತು. ಡೂಪ್ಲಿಕೇಟ್ ಮಾಲು ಅಂತ ತೀರ್ಮಾನ ಮಾಡಿ ಹೋದ್ರು.

— ಅವರು ತೀರ್ಮಾನ ಮಾಡಿದ್ದು ತಪ್ಪು. ಇಷ್ಟು ಭಾರಕ್ಕೆ ಮೋಟಾರು ನಿಲ್ಲುತ್ತೆ ಅಂತ ಪ್ರತಿಯೊಂದಕ್ಕೂ ಒಂದು ಮಿತಿ ಇರುತ್ತೆ. ಹೆಚ್ಚು ದುಡ್ಡು ಕೊಟ್ಟರೆ ಜೋರಾಗಿ ಒತ್ತಿದ್ರೂ ಬೇಗ ನಿಲ್ಲದೇ ಇರೋದು ಸಿಗುತ್ತೆ. ಓಟಗಾರರಿಗೆ, ಪೈಲ್ವಾನರಿಗೆ ಅದು ಬೇಕಾಗಬಹುದು. ಮನೆಗೆ ಮಾತ್ರ ನಾನು ಬೇಗ ನಿಲ್ಲೋದನ್ನೇ ತಗೊಳ್ಳಿ ಅಂತೀನಿ. ಮೈಯ ಮಾತು ಕೇಳದಿದ್ರೂ ಅದು ತನ್ನ ಮಿತಿಗಾದ್ರೂ ನಿಲ್ಲುತ್ತಲ್ಲ. ಅಂದ ಹಾಗೆ, ಅವರಿಗೆ ಪೇಸ್‌ಮೇಕರ್ ಹಾಕಿದ್ದಾರೆ ಅಲ್ವಾ?

— ಹೂಂ, ಹೋದ ವರ್ಷ.

— ಇನ್ಮೇಲೆ ಅವರ ಕೈಗೆ ಕೊಡಬೇಡಿ. ಒಳಗೆ ಅಯಸ್ಕಾಂತ ಇರೋ ಮೋಟಾರು ಅದು. ಅವರ ಹೃದಯದ ಡಾಕ್ಟರು ಸರಿ ಅಂದ್ರೆ ನೋಡೋಣ. ಅಂದ್ರೂ ಎದೆ ಹತ್ತಿರ ಅಂತೂ ಬೇಡವೇ ಬೇಡ.

— ಈ ಹುಚ್ಚೆಲ್ಲ ಈಗೀಗ ಶುರುವಾದದ್ದು.

— ನೀವು ಅಂದ್ಕೊಂಡಷ್ಟು ಹೊಸದಲ್ಲ ಮಾವ. ಲಂಡನ್‌ನಲ್ಲಿ ಜೋಸೆಫ್ ಮಾರ್ಟಿಮರ್ ಗ್ರಾನ್‌ವಿಲ್ ಅಂತ ಒಬ್ಬ ವೈದ್ಯ ಬ್ಯಾಟರಿಯಿಂದ ನಡೆಯೋ ಕುಟ್ಟೋ ಉಪಕರಣ ಮಾಡಿ 1883ರಲ್ಲಿ ಅದರ ಬಗ್ಗೆ ಪುಸ್ತಕಾನೇ ಬರೆದ. ನಿಮ್ಮ ಈ ಡಬ್ಬಿಯಲ್ಲಿ ನಾಲ್ಕು ತಲೆಗಳಿವೆಯಲ್ಲ, ಅದಕ್ಕೂ ಬದಲಾಯಿಸೋ ತಲೆಗಳಿದ್ವು. ಪ್ಯಾರಿಸ್‌ನಲ್ಲಿ ಶಾರ್ಕೋ ಅಂತ ನರರೋಗದ ದೊಡ್ಡ ವೈದ್ಯ. ಪಾರ್ಕಿನ್ಸನ್ ರೋಗಿಗಳು ರೈಲಲ್ಲಿ, ಕುದುರೆಗಾಡಿಯಲ್ಲಿ ಕುಲುಕಿಸ್ಕೊಂಡು ಬಂದ ದಿನ ಚೆನ್ನಾಗಿರ್ತಾರೆ ಅಂತ ಗಮನಿಸಿ, ಅವರಿಗಾಗಿ ಅಲುಗೋ ಕುರ್ಚಿ ಮಾಡಿಸಿದ. 1892ರ ಮಾತು. ಸುಮಾರು 120 ವರ್ಷ ಆದ್ಮೇಲೆ, 2012ರಲ್ಲಿ ಅಮೆರಿಕದ ಸಂಶೋಧಕರು ಅದನ್ನೇ ಪರೀಕ್ಷೆಗೆ ಹಚ್ಚಿದ್ರು. ಕೆಲವರಿಗೆ ಅಲುಗೋ ಕುರ್ಚಿ, ಕೆಲವರಿಗೆ ಅಲುಗದ ಕುರ್ಚಿ. ಎರಡೂ ಗುಂಪಿಗೆ ಸ್ವಲ್ಪ ಸ್ವಲ್ಪ ಗುಣ ಕಂಡಿತು, ವ್ಯತ್ಯಾಸ ಮಾತ್ರ ಕಾಣ್ಲಿಲ್ಲ.

— ಹಾಗಾದ್ರೆ ಕಾಲು ಚಾಚಿ ಒರಗಿ ಕೂತ್ರೆ ಸಾಕು ಅಂತಾಯ್ತು. ಅದನ್ನ ನಾನು ರಿಟೈರಾದಾಗಿನಿಂದ ಮಾಡ್ತಾ ಇದ್ದೀನಿ.

— ನಿಮ್ಮ ಮೀನಖಂಡ ಹಿಡಿಯೋದೂ ಅದಕ್ಕೇನೇ. ಈಗಿನ ಈ ಗನ್ನಿನ ಕತೆ ಕೇಳಿ. ಅಮೆರಿಕದಲ್ಲಿ ಜೇಸನ್ ವರ್ಸ್‌ಲ್ಯಾಂಡ್ ಅಂತ, ಬೆನ್ನುಮೂಳೆ ಸರಿ ಮಾಡೋ ವೃತ್ತಿಯವರು. 2007ರಲ್ಲಿ ಬೈಕ್ ಅಪಘಾತ ಆಗಿ ಅವರಿಗೇ ನೋವು ತಡೆಯೋಕಾಗದೆ, ಕೈಗೆ ಸಿಕ್ಕ ವಿದ್ಯುತ್ ಉಪಕರಣವನ್ನ ಬದಲಾಯಿಸಿ ಮೈಗೆ ಹಿಡ್ಕೊಂಡ್ರು. ಅದೇ ಬೆಳೆದು 2016ರಲ್ಲಿ ಥೆರಾಗನ್ ಅಂತ ಮಾರಾಟಕ್ಕೆ ಬಂತು. ಆಮೇಲೆ ಕ್ರಿಕೆಟ್ಟು, ಫುಟ್‌ಬಾಲ್ ಆಟಗಾರರ ಕೈಯಲ್ಲಿ ಟಿವಿಯಲ್ಲಿ ಕಾಣಿಸ್ಕೊಂಡಿತು. ಅಗ್ಗದ ನಕಲುಗಳ ಮಳೆ ಸುರೀತು. ನಿಮ್ಮ ಮನೆಗೂ ಒಂದು ಬಂತು.

— ಸರಿ, ಕುಟ್ಟಿದ್ರೆ ಒಳಗೆ ಏನಾಗುತ್ತೆ? ಪುಸ್ತಿಕೆಯಲ್ಲಿ ಲ್ಯಾಕ್ಟಿಕ್ ಆಸಿಡ್ ಹೊರಗೆ ಹಾಕುತ್ತೆ, ಗಂಟುಗಳನ್ನ ಒಡೆಯುತ್ತೆ, ವಿಷ ತೆಗೆಯುತ್ತೆ ಅಂತೆಲ್ಲ ಇದೆ.

— ಆ ಪುಟ ಹರಿದು ಹಾಕಿ. ಜೋರಾಗಿ ಆಡಿದಾಗ ಸೇರೋ ಲ್ಯಾಕ್ಟೇಟ್ ಒಂದು ಗಂಟೆಯೊಳಗೆ ತಾನಾಗೇ ಕರಗಿ ಹೋಗುತ್ತೆ. ನಿಮಗೆ ಮೈಕೈ ನೋವು ಬರೋದು ಮಾರನೇ ದಿನ, ಅದರ ಮಾರನೇ ದಿನ. ಅಷ್ಟು ಹೊತ್ತಿಗೆ ಅದು ಅಲ್ಲಿರೋದೇ ಇಲ್ಲ. ಅಭ್ಯಾಸ ಇಲ್ಲದ ಕೆಲಸಕ್ಕೆ ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣಪುಟ್ಟ ಗಾಯ, ಅದಕ್ಕೆ ಮೈ ತೋರಿಸೋ ಪ್ರತಿಕ್ರಿಯೆ, ಆ ನೋವಿನ ಮೂಲ ಅದು. ಇನ್ನು ಗಂಟು. ಬೆರಳಿಗೆ ಗಟ್ಟಿಯಾಗಿ ಸಿಗುತ್ತೆ, ಒತ್ತಿದ್ರೆ ನೋಯುತ್ತೆ, ಅದು ನಿಜ. ಅದೇನು ಅಂತ ಪರಿಣತರಲ್ಲೇ ಜಗಳ ಇದೆ. ಕಲ್ಲು ಒಡೆದ ಹಾಗೆ ಒಡೆಯೋ ವಸ್ತುವಂತೂ ಅಲ್ಲ.

— ಮತ್ತೆ ಹಾಯ್ ಅನ್ಸೋದು ಯಾಕೆ?

— ಮಂಡಿ ಬಾಗಿಲಿಗೆ ತಗಲಿದ್ರೆ ತಕ್ಷಣ ಉಜ್ಜಿಕೊಳ್ತೀವಿ, ಉರಿ ಕಮ್ಮಿ ಅನ್ಸುತ್ತೆ. ಸ್ಪರ್ಶದ ಸುದ್ದಿ ತರೋ ದಪ್ಪ ನರಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನ ಸ್ವಲ್ಪ ತಡೀತವೆ ಅಂತ ಮೆಲ್ಝಾಕ್ ಮತ್ತು ವಾಲ್ 1965ರಲ್ಲಿ ಹೇಳಿದ್ರು. ವಿವರಗಳು ಆಮೇಲೆ ತಿದ್ದುಪಡಿ ಆಗಿವೆ, ತಿರುಳು ಉಳಿದಿದೆ. ಗನ್ನಿನದ್ದೂ ಬಹುಪಾಲು ಅದೇ ಆಟ ಅಂತ ನನ್ನ ಲೆಕ್ಕ. ಜೊತೆಗೆ ಬಿಗಿ ಹಿಡಿದ ಸ್ನಾಯು ಸ್ವಲ್ಪ ಹೊತ್ತು ಸಡಿಲ ಬಿಡುತ್ತೆ. ಆಸ್ಟ್ರಿಯಾದ ಗ್ರಾಟ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ 16 ಗಂಡಸರ ಮೀನಖಂಡಕ್ಕೆ ಐದು ನಿಮಿಷ ಇದನ್ನ ಹಿಡಿದು ಅಳೆದ್ರು. ಪಾದ ಮೇಲಕ್ಕೆ ಬಾಗೋದು ಸರಾಸರಿ 5.4 ಡಿಗ್ರಿ ಹೆಚ್ಚಾಯ್ತು. ಸ್ನಾಯುವಿನ ಬಲ ಹೆಚ್ಚೂ ಆಗ್ಲಿಲ್ಲ, ಕಮ್ಮಿಯೂ ಆಗ್ಲಿಲ್ಲ.

— ಐದು ಡಿಗ್ರಿ! ಅದಕ್ಕೆ ಇಷ್ಟು ದುಡ್ಡಾ?

— ಮೆಟ್ಟಿಲು ಇಳಿಯೋವಾಗ ಐದು ಡಿಗ್ರಿ ಸಣ್ಣದಲ್ಲ ಮಾವ. ಆದ್ರೆ ಅದು ಉಳಿಯೋದು ಸ್ವಲ್ಪ ಹೊತ್ತು. ನನ್ನ ಹತ್ತಿರ ಬರೋರಲ್ಲಿ ಹೆಚ್ಚಿನವರು ಎಡವೋದು ಇಲ್ಲೇ. ಅರ್ಧ ಗಂಟೆ ಕುಟ್ಟಿಸ್ಕೊಂಡು, ಹಾಯ್ ಅಂತ ಮತ್ತೆ ಅದೇ ಸೋಫಾದಲ್ಲಿ ಮಲಗ್ತಾರೆ. ಸಂಜೆಗೆ ನೋವು ವಾಪಸ್, ಮತ್ತೆ ಅರ್ಧ ಗಂಟೆ. ನಾನಾದ್ರೆ ಎರಡು ನಿಮಿಷ ಸಾಕು ಅಂತೀನಿ. ಮೈ ಸಡಿಲಾಗಿರೋ ಆ ಹೊತ್ತಲ್ಲೇ ಎದ್ದು ಬಗ್ಗಿ, ಏಳಿ, ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಇಳಿಸಿ ಏರಿಸಿ. ಕೆಲಸ ಮಾಡೋದು ಆ ವ್ಯಾಯಾಮ. ಇದರ ಕೆಲಸ ಬರೀ ಅದಕ್ಕೆ ದಾರಿ ಬಿಡೋದು.

— ಉಸ್ತಾದರೂ ಮಾಲೀಸು ಆದ ಮೇಲೆ ಮಲಗೋಕೆ ಬಿಡ್ತಿರ್ಲಿಲ್ಲ. ಗರಡಿಯೊಳಗೇ ನಿಧಾನ ನಾಲ್ಕು ಸುತ್ತು ನಡೀರಿ ಅನ್ನೋರು. ಸರಿ, ಈಗ ತೋರ್ಸು. ಈ ಬಲಗಾಲು. ಶಟಲ್ ಆಡಿ ಬಂದಾಗ ಗಟ್ಟಿ ಆಗುತ್ತೆ.

— ಮೊದಲು ಪ್ಯಾಂಟು ಮೇಲೆ ಎತ್ತಿ, ನೋಡ್ಬೇಕು. ಎರಡೂ ಕಾಲು. ದಪ್ಪ ಒಂದೇ ಥರ ಇದೆ. ಕೆಂಪಿಲ್ಲ. ಕೈ ಹಿಂಭಾಗದಿಂದ ಮುಟ್ತೀನಿ, ಬಿಸೀನೂ ಎರಡೂ ಕಡೆ ಸಮ. ಹಾಗಿದ್ರೆ ಮುಂದುವರೀಬಹುದು. ಒಂದೇ ಕಾಲು ಊದಿದ್ರೆ, ಬಿಸಿ ಇದ್ರೆ, ಅದರಲ್ಲೂ ದೂರದ ಬಸ್ಸು ವಿಮಾನದ ಪ್ರಯಾಣ ಆದ ಮೇಲೆ, ಆಪರೇಷನ್ ಆದ ಮೇಲೆ, ಬಹಳ ದಿನ ಮಲಗಿದ್ದ ಮೇಲೆ ಹಾಗಾದ್ರೆ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಕುತ್ತು. ಆಗ ಗನ್ನೂ ಬೇಡ, ಕೈ ಮಾಲೀಸೂ ಬೇಡ, ಅವತ್ತೇ ಆಸ್ಪತ್ರೆ. ನಿಮ್ಮ ಗೆಳೆಯರಿಗೆ ಇದ್ದದ್ದೂ ಅದೇ ಇರಬೇಕು.

— ಇರಬಹುದು. ಒಂದು ತಿಂಗಳು ಮಟ್ಟಿಗೆ ಇಳೀಲಿಲ್ಲ ಅವನು.

— ಈಗ ಆ ಸ್ಟೂಲ್ ಮೇಲೆ ಕಾಲಿಡಿ. ಬಿಗಿ ಹಿಡೀಬೇಡಿ, ಸಡಿಲ ಬಿಡಿ. ಎಣ್ಣೆ ಹಚ್ಚಿದ್ದೀರಾ?

— ಬೆಳಿಗ್ಗೆ ಸ್ವಲ್ಪ ಕೊಬ್ಬರಿ ಎಣ್ಣೆ.

— ಒರೆಸಿಕೊಳ್ಳಿ. ಇದಕ್ಕೆ ಎಣ್ಣೆ ಆಗಲ್ಲ. ತಲೆ ಜಾರಿ ಮೂಳೆಗೆ ಹೋಗುತ್ತೆ, ಎಣ್ಣೆ ಒಳಗೂ ಇಳಿಯುತ್ತೆ. ತೆಳ್ಳನೆ ಪಂಚೆ ಮೇಲೆ ಇಟ್ಕೊಂಡ್ರೂ ನಡೆಯುತ್ತೆ. ನೋವಿನ ಮುಲಾಮು ಹಚ್ಚಿದ್ರೆ, ನೋವಿನ ಮಾತ್ರೆ ನುಂಗಿದ್ರೆ ಅವತ್ತು ಇದನ್ನ ಮುಟ್ಟಬೇಡಿ. ನೋವು ಗೊತ್ತಾಗದೇ ಇದ್ದಾಗ ಎಲ್ಲಿ ನಿಲ್ಲಿಸ್ಬೇಕು ಅಂತ ಯಾರು ಹೇಳೋರು? ತಲೆ ಯಾವುದು ಹಾಕೋಣ ಅಂದ್ರೆ ಈ ದುಂಡು ಚೆಂಡಿನದ್ದು, ಮೆತ್ತಗಿರೋದು. ಈ ಚೂಪು ತಲೆಯನ್ನ ಡಬ್ಬಿಯಲ್ಲೇ ಬಿಡಿ. ಒಂದೇ ಬಿಂದುವಿನ ಮೇಲೆ ಎಲ್ಲ ಏಟು ಬೀಳುತ್ತೆ, ಅದು ಮನೆಯವರ ಕೈಗೆ ಕೊಡೋದಲ್ಲ. ವೇಗ ಅತಿ ಕಡಿಮೆಯಲ್ಲಿಡಿ. ಚಾಲೂ ಮಾಡಿ ಆಮೇಲೆ ಮೈಗೆ ತಾಗಿಸಿ.

— ಒತ್ತಲಾ?

— ಬೇಡ. ಅದರ ಭಾರ ಅದಕ್ಕೆ ಸಾಕು. ಇಸ್ತ್ರಿ ಪೆಟ್ಟಿಗೆ ತಳ್ಳಿದ ಹಾಗೆ ನಿಧಾನ ತಳ್ಳಿ, ಸೆಕೆಂಡಿಗೆ ಎರಡು ಸೆಂಟಿಮೀಟರ್. ಹಿಮ್ಮಡಿ ಮೇಲಿನ ಆ ಗಟ್ಟಿ ಹುರಿ ಬಿಟ್ಟು, ಮಾಂಸ ಶುರುವಾಗೋ ಕಡೆಯಿಂದ ಮೇಲಕ್ಕೆ. ಮಂಡಿ ಹಿಂದಿನ ಮಡಿಕೆ ಬರೋಕೆ ನಾಲ್ಕು ಬೆರಳು ಮುಂಚೆ ವಾಪಸ್ ತಿರುಗಿಸಿ. ಆ ಗುಳಿಯಲ್ಲಿ ರಕ್ತನಾಳ, ನರ ಎಲ್ಲ ಚರ್ಮಕ್ಕೆ ಹತ್ತಿರದಲ್ಲೇ ಇವೆ. ಮುಂದುಗಡೆ ಕಾಲಿನ ಮೂಳೆಗೆ ಬರಬೇಡಿ. ಮಂಡಿಯ ಹೊರಪಕ್ಕ, ಸ್ವಲ್ಪ ಕೆಳಗೆ ಒಂದು ಗುಬುಟು ಸಿಗುತ್ತೆ ನೋಡಿ, ಮುಟ್ಟಿ. ಅದರ ಕೆಳಗೇ ಒಂದು ನರ ಸುತ್ತಿಕೊಂಡು ಹೋಗುತ್ತೆ. ಅದಕ್ಕೆ ಪೆಟ್ಟಾದ್ರೆ ಪಾದ ಎತ್ತೋಕಾಗದೇ ಎಳ್ಕೊಂಡು ನಡೀಬೇಕಾಗುತ್ತೆ.

— ಇಲ್ಲಿ, ಒಳಗಡೆ, ಇಲ್ಲಿ ನೋಯುತ್ತೆ.

— ಎಂಥ ನೋವು? ಸಿಹಿ ನೋವಾ, ಚುಚ್ಚೋ ನೋವಾ?

— ತಿಕ್ಕಿದಷ್ಟೂ ಬೇಕು ಅನ್ಸೋ ನೋವು.

— ಹಾಗಿದ್ರೆ ಅಲ್ಲೇ ಹದಿನೈದು ಇಪ್ಪತ್ತು ಸೆಕೆಂಡ್ ನಿಲ್ಲಿಸಿ, ಒತ್ತದೇ. ಉಸಿರು ಕಟ್ಟಬೇಡಿ ಮಾವ. ಮುಖ ಕಿವಿಚಿದ್ರೆ, ಉಸಿರು ಹಿಡಿದ್ರೆ ಮೈ ಬೇಡ ಅಂತಿದೆ ಅಂತ ತಿಳ್ಕೊಂಡು ಕೈ ಹಗುರ ಮಾಡ್ಬೇಕು. ಕರೆಂಟು ಹೊಡೆದ ಹಾಗೆ ಚುರ್ ಅಂದ್ರೆ, ಜೋಮು ಹಿಡಿದ್ರೆ ಅದು ನರ, ತಕ್ಷಣ ಜಾಗ ಬದಲಾಯಿಸಿ. ಸಾಕು, ಆಫ್ ಮಾಡಿ.

— ಇಷ್ಟು ಬೇಗನಾ?

— ಒಂದೂವರೆ ನಿಮಿಷ ಆಯ್ತು. ಒಂದು ಸ್ನಾಯುವಿಗೆ ಎರಡು ನಿಮಿಷದ ಮೇಲೆ ಬೇಡ. ಆಡೋಕೆ ಹೋಗೋ ಮುಂಚೆಯಾದ್ರೆ ಅರ್ಧ ನಿಮಿಷ, ಆಮೇಲೆ ಅಂಗಳದಲ್ಲಿ ಚುರುಕಾಗಿ ನಡೆದು ಮೈ ಬಿಸಿ ಮಾಡ್ಕೊಳ್ಳಿ. ಇದನ್ನ ಹಿಡಿದೆ, ವಾರ್ಮ್ ಅಪ್ ಆಯ್ತು ಅನ್ನೋ ಹಾಗಿಲ್ಲ. ಏಳಿ, ಮೆಟ್ಟಿಲ ಹತ್ತಿರ ಬನ್ನಿ. ಕಂಬಿ ಹಿಡ್ಕೊಂಡು ಹತ್ತು ಸಲ ಹಿಮ್ಮಡಿ ಇಳಿಸಿ ಏರಿಸಿ.

— ಹಗುರ ಆಗಿದೆ, ಸುಳ್ಳು ಹೇಳಬಾರದು. ರಾತ್ರಿ ಒಮ್ಮೊಮ್ಮೆ ಇದೇ ಕಾಲಿನ ಮೀನಖಂಡ ಹಿಡಿದು ಎದ್ದು ಕೂತ್ಬಿಡ್ತೀನಿ. ಆಗಲೂ ಇದನ್ನೇ ಇಡ್ಲಾ?

— ಆಗ ಇಡಬೇಡಿ. ಬೆರಳುಗಳನ್ನ ಕೈಯಿಂದ ಹಿಡಿದು ನಿಮ್ಮ ಕಡೆ ಎಳ್ಕೊಳ್ಳಿ, ಎರಡು ನಿಮಿಷದಲ್ಲಿ ಬಿಡುತ್ತೆ. ಹಿಡಿದ ಸ್ನಾಯುವಿಗೆ ಕುಟ್ಟಿದ್ರೆ ಮಾರನೇ ದಿನ ಇನ್ನೂ ನೋವು. ಅಂದ ಹಾಗೆ, ಆ ಹೃದಯದ ಮಾತ್ರೆ ಈಗಲೂ ತಗೋತಿದ್ದೀರಲ್ಲ, ಆಸ್ಪಿರಿನ್?

— ರಾತ್ರಿ ಊಟ ಆದ ಮೇಲೆ ಒಂದು.

— ಹಾಗಿದ್ರೆ ಮೇಲಿನ ಎರಡು ವೇಗಗಳು ನಿಮಗಿಲ್ಲ. ರಕ್ತ ಬೇಗ ಹೆಪ್ಪುಗಟ್ಟದ ಹಾಗೆ ತಡೆಯೋ ಮಾತ್ರೆ ಅದು. ಸಣ್ಣ ಪೆಟ್ಟಿಗೂ ಚರ್ಮದ ಕೆಳಗೆ ನೀಲಿ ಕಟ್ಟುತ್ತೆ. ನಾಳೆ ಬೆಳಿಗ್ಗೆ ಬೆಳಕಲ್ಲಿ ಇದೇ ಜಾಗ ನೋಡಿ. ಕಲೆ ಇದ್ರೆ ಅದು ವಾಸಿ ಆಗೋವರೆಗೆ ಬಿಡಿ. ವಾರ್ಫರಿನ್ ಥರದ ಇನ್ನೂ ಜೋರಿನ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೇ ಮುಟ್ಟಲೇಬಾರದು. ನಿಮ್ಮ ಡಾಕ್ಟರನ್ನೂ ಮುಂದಿನ ಸಲ ಹೋದಾಗ ಒಂದು ಮಾತು ಕೇಳಿ.

— ನೋವಿದ್ರೇನೇ ಗುಣ ಅಂತ ಕುಟ್ಟೋರೂ ಇದ್ದಾರೆ. ನಮ್ಮ ಶಟಲ್ ಗುಂಪಲ್ಲೇ ಒಬ್ಬ ಹುಡುಗ, ತೊಡೆಗೆ ಹತ್ತತ್ತು ನಿಮಿಷ ಹಿಡೀತಾನೆ.

— ಆ ಹುಡುಗನಿಗೆ ಹೇಳಿ. ಚೀನಾದಲ್ಲಿ ಒಬ್ಬ ಯುವತಿ ಸೈಕಲ್ ತುಳಿದು ದಣಿದ ತೊಡೆಗೆ ಮಸಾಜ್ ಗನ್ ಹಿಡಿಸ್ಕೊಂಡಳು. ಮೊದಲೇ ರಕ್ತಹೀನತೆ ಇತ್ತು, ಔಷಧಿ ತಗೊಂಡಿರ್ಲಿಲ್ಲ. ತೊಡೆ ವಿಪರೀತ ನೋವು, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಸ್ನಾಯುವಿನ ಜೀವಕೋಶಗಳು ಒಡೆದು ಅದರ ಬಣ್ಣದ ವಸ್ತು ರಕ್ತಕ್ಕೆ ಸೇರಿ, ಅಲ್ಲಿಂದ ಮೂತ್ರಪಿಂಡಕ್ಕೆ ಬಂದಿತ್ತು. ಅಲ್ಲಿನ ವೈದ್ಯರು ಅದನ್ನ ಬರೆದು ಪ್ರಕಟಿಸಿದ್ರು. ಮೂತ್ರಪಿಂಡ ಕೆಡಿಸೋ ಕಾಯಿಲೆ ಅದು. ಮೈ ದಣಿದು ನೀರಿಳಿದಿರೋ ಹೊತ್ತಲ್ಲಿ ಬಳಲಿದ ಸ್ನಾಯುವಿಗೇ ಜೋರಾಗಿ ಹೊಡೀಬಾರದು. ಮೂತ್ರದ ಬಣ್ಣ ಹಾಗೆ ಬದಲಾದ್ರೆ ಕಾಯ್ತಾ ಕೂರೋ ಹಾಗೇ ಇಲ್ಲ, ಆಸ್ಪತ್ರೆಗೆ ಓಡಬೇಕು. ಅವನಿಗೇನಾದ್ರೂ ಕಾಲು ಉಳುಕಿದ್ರೆ, ಆಡುವಾಗ ಫಟ್ ಅಂತ ಸ್ನಾಯು ಹರಿದ ಹಾಗಾದ್ರೆ, ಅದರ ಮೇಲೂ ಇದು ಬೇಡ.

— ಸೊಂಟಕ್ಕೆ? ನನಗಿಂತ ನಿಮ್ಮತ್ತೆಗೆ ಸೊಂಟದ ಕಾಟ. ಪಾತ್ರೆ ತೊಳೆದು ನಿಂತ್ರೆ ಬಗ್ಗೋಕಾಗಲ್ಲ ಅಂತಾಳೆ.

— ಎಲ್ಲರೂ ತಗೊಂಡು ಬೆನ್ನುಮೂಳೆ ಮೇಲೇ ಇಡ್ತಾರೆ. ಮಧ್ಯದ ಮೂಳೆ ಸಾಲು ಬಿಟ್ಟುಬಿಡಿ, ಅದರ ಆಚೀಚೆ ಎರಡು ಬೆರಳು ಬಿಟ್ಟು ಮಾಂಸ ಇರುತ್ತೆ. ಪಕ್ಕೆಲುಬು ಮುಗಿಯೋ ಜಾಗದಲ್ಲಿ ಹಿಂದುಗಡೆ ಮೂತ್ರಪಿಂಡ ಇದೆ, ಅಲ್ಲಿ ಬೇಡ. ಕಂಕುಳು, ತೊಡೆಸಂದು, ಹೊಟ್ಟೆ, ಎದೆ, ಇವೂ ಬೇಡ. ನಾನಾದ್ರೆ ಸೊಂಟಕ್ಕೆ ಕೈ ಹಾಕೋದೇ ಇಲ್ಲ, ಪೃಷ್ಠದ ದಪ್ಪ ಮಾಂಸಕ್ಕೆ ಒಂದೊಂದು ನಿಮಿಷ ಹಿಡೀತೀನಿ. ಅದು ಸಡಿಲಾದ್ರೆ ಸೊಂಟ ಎಷ್ಟೋ ಹಗುರ. ಆದ್ರೆ ನೋವು ಕಾಲಿಗೆ ಇಳಿದ್ರೆ, ಕಾಲಲ್ಲಿ ಬಲ ಕಮ್ಮಿ ಅನಿಸಿದ್ರೆ, ಮೂತ್ರದ ಹಿಡಿತ ತಪ್ಪಿದ್ರೆ ಯಾವ ಮೆಷಿನ್ನೂ ಬೇಡ. ಕೊನೇದಂತೂ ತುರ್ತು.

— ಇಡಬಾರದ ಜಾಗಗಳೇ ಜಾಸ್ತಿ ಆಯ್ತಲ್ಲೇ. ಇಡಬಹುದಾದ್ದು ಎಲ್ಲಿ?

— ಮೀನಖಂಡ, ತೊಡೆಯ ಮುಂದೆ ಹಿಂದೆ, ಪೃಷ್ಠ, ಹೆಗಲ ಮೇಲಿನ ದಪ್ಪ ಮಾಂಸ. ಕಂಪ್ಯೂಟರ್ ಮುಂದೆ ಕೂರೋರಿಗೆ ಮುಂಗೈ ಮಾಂಸ. ಜೀವಮಾನಕ್ಕೆ ಅಷ್ಟು ಸಾಕು. ಹೆಗಲಿಗೆ ಅಂದ್ರೆ ಭುಜದ ತುದಿಗೂ ಕತ್ತಿನ ಬುಡಕ್ಕೂ ನಡುವೆ, ಕತ್ತಿನ ಕಡೆಗೆ ಸರಿಯದ ಹಾಗೆ. ಅಲ್ಲಿಗೆ ನಮ್ಮ ಕೈ ನಾವೇ ತಿರುಗಿಸಿ ಹಿಡೀಬೇಕು ಅಂದ್ರೆ ಆ ಕೈಯೇ ಬಿಗಿಯಾಗುತ್ತೆ. ಅತ್ತೆಗೆ ನೀವು ಹಿಡೀರಿ, ನಿಮಗೆ ಅತ್ತೆ ಹಿಡೀಲಿ. ಒಂದು ಕೈಯಲ್ಲಿ ಮೆಷಿನ್, ಇನ್ನೊಂದು ಅಂಗೈ ಅವರ ಮೈ ಮೇಲೆ ಇರಲಿ. ಬಿಗಿ ಆಯ್ತಾ, ಬಿಸಿ ಆಯ್ತಾ ಅಂತ ಆ ಅಂಗೈಗೆ ಗೊತ್ತಾಗುತ್ತೆ. ಟಿವಿ ನೋಡ್ತಾ ಹಿಡಿಯೋ ಹಾಗಿಲ್ಲ.

— ಧಾರಾವಾಹಿ ಬಿಟ್ಟು ನನ್ನ ಹೆಗಲಿಗೆ ಹಿಡೀತಾಳಾ ಅವಳು? ಅವಳದ್ದು ಬೇರೆಯದೇ ಬೇಡಿಕೆ. ಅಂಗಾಲು ಉರಿ, ಜೋಮು ಅಂತ ರಾತ್ರಿಯೆಲ್ಲ ಒದ್ದಾಡ್ತಾಳೆ. ಈ ಡಬ್ಬಿ ಬಂದಾಗಿನಿಂದ ಪಾದಕ್ಕೆ ಹಿಡೀರಿ ಅಂತ ವರಾತ.

— ಹಿಡಿದ್ರಾ?

— ಇಲ್ಲ. ನೀನು ಬರ್ತೀಯ ಅಂತ ತಡೆದೆ.

— ಒಳ್ಳೇದಾಯ್ತು. ಅತ್ತೆಗೆ ಶುಗರ್ ಎಷ್ಟು ವರ್ಷದಿಂದ ಇದೆ! ಬಹಳ ವರ್ಷ ಶುಗರ್ ಇದ್ದವರ ಪಾದದ ನರಗಳು ನಿಧಾನ ಕೆಡ್ತಾ ಬರ್ತವೆ. ಉರಿ, ಜೋಮು ಅಂತ ಸುಳ್ಳು ಸುದ್ದಿ ಕಳಿಸ್ತವೆ, ನಿಜವಾದ ಪೆಟ್ಟಿನ ಸುದ್ದಿಯನ್ನೇ ಕಳಿಸಲ್ಲ. ನಾನು ನಿಮಗೆ ಇಷ್ಟೊತ್ತು ಹೇಳಿದ್ದೆಲ್ಲ ಮೈ ಹೇಳೋದನ್ನ ಕೇಳಿ ಅಂತ. ಅವರ ಪಾದ ಹೇಳೋದೇ ಇಲ್ಲವಲ್ಲ. ಚರ್ಮ ಒಡೆದು ಹುಣ್ಣಾದ್ರೂ ಕಾಲುಚೀಲದ ಮೇಲೆ ಕಲೆ ಕಂಡಾಗಲೇ ಗೊತ್ತಾಗೋದು. ಮಂಡಿಯಿಂದ ಕೆಳಗೆ ಅವರಿಗೆ ಇದನ್ನ ತಾಗಿಸ್ಲೇಬೇಡಿ. ಅವರ ಮೀನಖಂಡದಲ್ಲಿ ನೀಲಿ ರಕ್ತನಾಳಗಳು ಉಬ್ಬಿ ಸುರುಳಿ ಸುತ್ತಿವೆ, ಅದಕ್ಕೂ ಬೇಡ.

— ಹೆಗಲಿಗೆ?

— ಹೋದ ಸಲ ಬಿದ್ದಾಗ ಮಣಿಕಟ್ಟು ಮುರಿದಿತ್ತಲ್ಲ, ಮೂಳೆ ಟೊಳ್ಳಾಗಿದೆ ಅಂತ ಡಾಕ್ಟರು ಹೇಳಿದ್ರಲ್ಲ? ಹಾಗಾಗಿ ಅತಿ ಕಡಿಮೆ ವೇಗ, ಮೆತ್ತನೆ ತಲೆ, ಮಾಂಸ ಇರೋ ಕಡೆ ಅರ್ಧ ನಿಮಿಷ. ಪಕ್ಕೆಲುಬಿನ ಕಡೆ ಸುಳಿಯಬೇಡಿ. ಬಿಸಿನೀರಿನ ಚೀಲ ಇದಕ್ಕಿಂತ ಒಳ್ಳೇದು ಅಂತ ನನಗನ್ಸುತ್ತೆ, ಅದನ್ನೂ ಪಾದಕ್ಕೆ ಮಾತ್ರ ಬೇಡ. ಗೊತ್ತಾಗದೇ ಸುಟ್ಟುಕೊಳ್ತಾರೆ.

— ಚಾರ್ಜಿಗೆ ರಾತ್ರಿ ಹಾಕಿ ಮಲಗಿದ್ರೆ ಆಗುತ್ತಾ?

— ಹಗಲೇ ಹಾಕಿ, ಕಣ್ಣೆದುರಲ್ಲಿ, ಹಾಸಿಗೆ ಮೇಲಲ್ಲ, ನೆಲದ ಮೇಲೆ. ಅದರಲ್ಲಿರೋದು ಲಿಥಿಯಂ ಬ್ಯಾಟರಿ. ಭಾರತದಲ್ಲಿ ಅದಕ್ಕೆ ಬಿಐಎಸ್ ನೋಂದಣಿ ಕಡ್ಡಾಯ, ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗೋ ಒಂದು ನಂಬರು ಇರುತ್ತೆ. ಇದೆಯಾ ನೋಡಿ. ಹಿಡಿ ಉಬ್ಬಿದ ಹಾಗೆ ಕಂಡ್ರೆ, ವಾಸನೆ ಬಂದ್ರೆ ಮತ್ತೆ ಚಾರ್ಜಿಗೆ ಹಾಕಬೇಡಿ. ಮೊಮ್ಮಕ್ಕಳು ಬಂದಾಗ ಬೀರುವಿನ ಮೇಲಿಡಿ. ಅವರ ಕಣ್ಣಿಗೆ ಅದು ಆಟಿಕೆ ಪಿಸ್ತೂಲೇ.

— ನಂಬರು ಇದೆ ನೋಡು, ಕನ್ನಡಕ ಇಲ್ಲದೇ ಓದೋಕಾಗಲ್ಲ. ನಿಮ್ಮತ್ತೆಗೆ ಮಾತ್ರ ಏನು ಹೇಳಲಿ? ನಿನಗಿಲ್ಲ ಅಂದ್ರೆ ಮುನಿಸಿಕೊಳ್ತಾಳೆ.

— ನಾನೇ ಹೇಳ್ತೀನಿ. ಅವರಿಗೆ ಬೇಕಾಗಿರೋದು ಬೇರೆ. ಒಂದು ತೆಳ್ಳನೆ ನೈಲಾನ್ ಎಳೆ ಇರುತ್ತೆ, 10 ಗ್ರಾಂ ಒತ್ತಡಕ್ಕೆ ಬಾಗೋ ಹಾಗೆ ಮಾಡಿರೋದು. ಕಣ್ಣು ಮುಚ್ಚಿಸಿ ಅಂಗಾಲಿನ ಕೆಲವು ಕಡೆ ಅದನ್ನ ಮುಟ್ಟಿಸ್ತಾರೆ, ಎಲ್ಲೆಲ್ಲಿ ಗೊತ್ತಾಗುತ್ತೆ, ಎಲ್ಲೆಲ್ಲಿ ಇಲ್ಲ ಅಂತ ಬರ್ಕೊಳ್ತಾರೆ. ಐದು ನಿಮಿಷದ ಕೆಲಸ, ಸೂಜಿ ಇಲ್ಲ, ನೋವಿಲ್ಲ. ಅದನ್ನ ನೋಡಿ ಉರಿಗೆ ಸರಿಯಾದ ಮಾತ್ರೆ ಕೊಡ್ತಾರೆ. ನಾನು ಕೆಲಸ ಮಾಡೋ ಕಡೆ ಗುರುವಾರ ಶುಗರ್ ಪಾದದ ಕ್ಲಿನಿಕ್ಕು. ಒಂಬತ್ತೂವರೆಗೆ ಕರ್ಕೊಂಡು ಬನ್ನಿ, ಹಳೆ ಚಪ್ಪಲಿ ಹಾಕ್ಕೊಂಡೇ ಬರಲಿ. ಅದು ಎಲ್ಲಿ ಸವೆದಿದೆ ಅಂತಾನೂ ನೋಡ್ಬೇಕು.